ಡಿಸ್ಚಾರ್ಜ್ ಬುಕ್ ಓದುವ ಬಗೆ

ಪುಣೆಯ ಖಡಕಿಯಲ್ಲಿ ಬಾಂಬೆ ಸ್ಯಾಪರ್ಸ್ ಎಂದೇ ಹೆಸರಾದ ಬಾಂಬೆ ಇಂಜಿನಿಯರ್ ಗ್ರೂಪಿನ ನೆಲೆಯಿದೆ. ಅದರ ರೆಕಾರ್ಡ್ ಆಫೀಸೂ ಅಲ್ಲೇ. ಮುಳಾ ನದಿ ದಾಟಿದರೆ ದಾಪೋಡಿಯ ಮಿಲಿಟರಿ ಇಂಜಿನಿಯರಿಂಗ್ ಕಾಲೇಜು. ಇನ್ನೂ ಮುಂದೆ ಹೋದರೆ ಪಿಂಪ್ರಿ, ಚಿಂಚವಾಡ, ಭೋಸರಿ, ಚಾಕಣಗಳ ಕಾರ್ಖಾನೆ ಸಾಲು. ಸೇತುವೆ ಕಟ್ಟಿ, ಜನರೇಟರ್ ನಡೆಸಿ, ಮಣ್ಣು ಅಗೆಯುವ ಯಂತ್ರ ಓಡಿಸಿ ಪಳಗಿದವರು ಈಚೆಗಿದ್ದಾರೆ, ಅಂಥವರು ಸಿಗುತ್ತಿಲ್ಲ ಎನ್ನುವ ಕಂಪನಿಗಳು ಆಚೆಗಿವೆ. ಆದರೂ ಸೈನ್ಯ ಬಿಟ್ಟ ಎಷ್ಟೋ ಮಂದಿ ಕಾರ್ಖಾನೆಯ ಗೇಟು ದಾಟಿ ಒಳಗೆ ಹೋಗುವುದೇ ಇಲ್ಲ. ಸೆಕ್ಯುರಿಟಿ ಸಮವಸ್ತ್ರ ತೊಟ್ಟು ಅಲ್ಲೇ ನಿಲ್ಲುತ್ತಾರೆ.

ಕಾವಲು ಕೆಲಸ ಕೀಳೇನಲ್ಲ. ಖಾಸಗಿ ಭದ್ರತಾ ಸಂಸ್ಥೆಗಳ 2005ರ ಕಾಯ್ದೆಯೂ ಮಾಜಿ ಸೈನಿಕರಿಗೆ ಆದ್ಯತೆ ಕೊಡಬಹುದೆಂದು ಹೇಳುತ್ತದೆ. ತಕರಾರು ಇರುವುದು ಬೇರೆ ಕಡೆ: ‘ಮಿಲಿಟರಿಯವರು’ ಎಂದು ಕಿವಿಗೆ ಬಿದ್ದೊಡನೆ ಎಚ್.ಆರ್. ಮೇಜಿನವರು ಮುಂದೆ ಏನನ್ನೂ ಓದುವುದಿಲ್ಲ. ಓದಬೇಕಾದದ್ದು ಅವರೆದುರೇ ಇರುತ್ತದೆ. ಹವಾಲ್ದಾರರು ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನವಾಗಿ ಇಟ್ಟು ತಂದ ಡಿಸ್ಚಾರ್ಜ್ ಬುಕ್ಕು ಅದು.

ಅದರಲ್ಲಿ ಸೈನಿಕರ ನಂಬರ್, ರ‍್ಯಾಂಕ್, ಸೇರಿದ ಮತ್ತು ಬಿಟ್ಟ ದಿನಾಂಕ, ಗುರುತಿನ ಚಿಹ್ನೆ, ಪದಕಗಳು, ಮಾಡಿದ ಕೋರ್ಸುಗಳು ಎಲ್ಲ ಇರುತ್ತವೆ. ಹೆಚ್ಚಿನವರು ನೋಡುವುದು ಎರಡೇ ಸಾಲು, ರ‍್ಯಾಂಕ್ ಮತ್ತು ಕ್ಯಾರೆಕ್ಟರ್. ಕ್ಯಾರೆಕ್ಟರ್ ಕಾಲಮಿನಲ್ಲಿ ‘ಗುಡ್’ ಎಂದು ಬರೆದಿದ್ದರೆ ಅದು ಮೊದಲ ದರ್ಜೆಯಲ್ಲ. ಅದಕ್ಕಿಂತ ಮೇಲೆ ‘ಎಕ್ಸೆಂಪ್ಲರಿ’ ಮತ್ತು ‘ವೆರಿ ಗುಡ್’ ಎಂಬ ಎರಡು ದರ್ಜೆಗಳಿವೆ. ಹಾಗೆಂದು ‘ಗುಡ್’ ಬಂದವರನ್ನು ಬಾಗಿಲಲ್ಲೇ ತಿರುಗಿಸಿ ಕಳಿಸಬೇಕಿಲ್ಲ, ಕೂರಿಸಿ ಮಾತಾಡಿಸಿದರಾಯಿತು.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಬೆಲೆಯುಳ್ಳ ಸಾಲು ಟ್ರೇಡ್‌ನದು. ಸೈನ್ಯದಲ್ಲಿ ಎಲ್ಲರೂ ಬರೀ ಬಂದೂಕು ಹಿಡಿದವರಲ್ಲ. ಸ್ಯಾಪರ್ಸ್‌ನಲ್ಲಿ ಎಲೆಕ್ಟ್ರಿಷಿಯನ್, ಪ್ಲಂಬರ್, ಬಡಗಿ, ಡ್ರಾಫ್ಟ್ಸ್‌ಮನ್, ಸರ್ವೇಯರ್, ಅಗೆಯುವ ಯಂತ್ರದ ಆಪರೇಟರ್ ಹೀಗೆ ಒಬ್ಬೊಬ್ಬರದು ಒಂದೊಂದು ಕಸುಬು. ಟ್ರೇಡಿನ ಪಕ್ಕದಲ್ಲೇ ಕ್ಲಾಸ್ ಬರೆದಿರುತ್ತದೆ. ಕ್ಲಾಸ್ 1 ಎಂದಿದ್ದರೆ ಮೆಟ್ಟಿಲು ಮೆಟ್ಟಿಲಾಗಿ ಟ್ರೇಡ್ ಟೆಸ್ಟ್ ಪಾಸಾಗಿ ಮೇಲಕ್ಕೆ ಬಂದವರು ಎಂದರ್ಥ. ಯಾವ ಟ್ರೇಡು ನಾಗರಿಕ ಬದುಕಿನ ಯಾವ ಕೆಲಸಕ್ಕೆ ಸಮ ಎಂದು ತಿಳಿಸುವ ಕೈಪಿಡಿಯನ್ನು ರಕ್ಷಣಾ ಸಚಿವಾಲಯದ ಪುನರ್ವಸತಿ ಮಹಾನಿರ್ದೇಶನಾಲಯವೇ ಹೊರತಂದಿದೆ. ಅದು ಕೈಯಲ್ಲಿದ್ದರೆ ಊಹೆ ಮಾಡುವ ಗೋಜಿಲ್ಲ.

ಪದಾತಿ ದಳದವರಿಗೆ ಇಂಥ ಟ್ರೇಡ್ ಇರುವುದಿಲ್ಲ. ಗೋಕಾಕ, ಚಿಕ್ಕೋಡಿ ಕಡೆಯಿಂದ ಹೋಗಿ ಮರಾಠಾ ಲೈಟ್ ಇನ್ಫೆಂಟ್ರಿಯಲ್ಲಿ ದುಡಿದು, ಪೆನ್ಶನ್ ಬಂದ ಮೇಲೆ ಕೆಲಸ ಅರಸಿ ಪುಣೆಗೆ ಬರುವ ನಮ್ಮವರಿದ್ದಾರಲ್ಲ, ಅವರ ಪುಸ್ತಕದಲ್ಲಿ ಕೋರ್ಸುಗಳ ಪುಟ ನೋಡಬೇಕು. ಬೆಳಗಾವಿಯ ಜೂನಿಯರ್ ಲೀಡರ್ಸ್ ವಿಂಗ್‌ನ ಹೆಸರು ಅಲ್ಲಿದ್ದರೆ ಅವರು ಸಣ್ಣ ತಂಡವೊಂದನ್ನು ಮುನ್ನಡೆಸಲು ತರಬೇತಾದವರು. ಶಾಪ್‌ಫ್ಲೋರಿನಲ್ಲಿ ಶಿಫ್ಟ್ ಸೂಪರ್‌ವೈಸರಿಗೆ ಬೇಕಾದದ್ದೂ ಅದೇ ತಾನೆ?

ಓದಿನ ಕಾಲಮಿನಲ್ಲಿ ಎಸ್ಸೆಸ್ಸೆಲ್ಸಿ ಎಂದಷ್ಟೇ ಕಂಡು ‘ಡಿಗ್ರಿ ಇಲ್ಲ’ ಎಂದು ಕೈಬಿಡುವುದುಂಟು. ಸರ್ಕಾರ ಹಾಗೆ ಮಾಡುವುದಿಲ್ಲ. ಮೆಟ್ರಿಕ್ ಮುಗಿಸಿ, ಸೈನ್ಯದ ವಿಶೇಷ ಶಿಕ್ಷಣ ಪ್ರಮಾಣಪತ್ರ ಪಡೆದು, ಕನಿಷ್ಠ 15 ವರ್ಷ ಸೇವೆ ಮಾಡಿದವರನ್ನು ಕೇಂದ್ರದ ಗ್ರೂಪ್ ‘ಸಿ’ ವರ್ಗದ ಪದವಿ ಬೇಡುವ ಹುದ್ದೆಗಳಿಗೂ ಪರಿಗಣಿಸಲು ನಿಯಮದಲ್ಲಿ ಅವಕಾಶವಿದೆ.

ಬಿಡುಗಡೆಗೆ ಕಾರಣ ಎಂಬ ಸಾಲನ್ನು ಓದುವಾಗ ಎಚ್ಚರ ಬೇಕು. ಸಿಪಾಯಿಗಳು ಮೂವತ್ತೈದು–ನಲವತ್ತರ ಪ್ರಾಯಕ್ಕೇ ಮನೆಗೆ ಬರುವುದು ಸೈನ್ಯದಲ್ಲಿ ಮಾಮೂಲು; ‘ಇಷ್ಟು ಬೇಗ ಯಾಕೆ ಬಿಟ್ಟರು’ ಎಂದು ಅನುಮಾನಿಸಬೇಕಿಲ್ಲ. ಕೌಟುಂಬಿಕ ಕಾರಣಕ್ಕೆ ಸ್ವಂತ ಕೋರಿಕೆಯ ಮೇಲೆ ಬಂದವರೂ ಗೌರವದಿಂದಲೇ ಬಂದವರು. ‘ಸೇವೆ ಇನ್ನು ಅಗತ್ಯವಿಲ್ಲ’ ಎಂಬ ಷರಾ ಇದ್ದರೆ ಮಾತ್ರ ಅವರಿಂದಲೇ ವಿವರ ಕೇಳಿ ತಿಳಿಯುವುದು ಒಳ್ಳೆಯದು.

ವೈದ್ಯಕೀಯ ದರ್ಜೆಯಲ್ಲಿ ‘ಶೇಪ್-1’ ಎಂದರೆ ಮನಸ್ಸು, ಕಿವಿ, ಕೈಕಾಲು, ದೇಹಶಕ್ತಿ, ಕಣ್ಣು ಐದೂ ಸರಿಯಿವೆ ಎಂದು. ಅದಕ್ಕಿಂತ ಇಳಿದಿದ್ದರೆ ಕೆಲಸಕ್ಕೆ ಬಾರದವರು ಎಂದಲ್ಲ. ಹಿಮದ ಗಡಿಯಲ್ಲಿ ನಿಲ್ಲಲಾಗದವರಿಗೆ ಚಾಕಣದ ಸ್ಟೋರಿನ ಲೆಕ್ಕ ನೋಡಲು ಏನು ಅಡ್ಡಿ? ಅಂಗವಿಕಲ ಯೋಧರಿಗೆ ಕಸುಬು ಕಲಿಸಲೆಂದು 1917ರಲ್ಲಿ ಶುರುವಾದ ಕ್ವೀನ್ ಮೇರಿಸ್ ಟೆಕ್ನಿಕಲ್ ಇನ್‌ಸ್ಟಿಟ್ಯೂಟ್ ಇರುವುದೂ ಇದೇ ಖಡಕಿಯಲ್ಲಿ.

ಈ ಪುಸ್ತಕ ಹೇಳದ ಸಂಗತಿಗಳೂ ಇವೆ. ಇಂಗ್ಲಿಷ್ ಎಷ್ಟು ಬರುತ್ತದೆ, ಹೊಸ ಯಂತ್ರ ಎಷ್ಟು ಬೇಗ ಕೈಗೆ ಹತ್ತುತ್ತದೆ, ಆಜ್ಞೆಯಿಲ್ಲದ ಕಡೆ ಹೇಗೆ ಹೊಂದಿಕೊಳ್ಳುತ್ತಾರೆ ಎಂಬುದಕ್ಕೆ ಸಂದರ್ಶನವೇ ದಾರಿ. ನಕಲಿಯ ಸಂಶಯವಿದ್ದರೆ ಅಭ್ಯರ್ಥಿಯ ಒಪ್ಪಿಗೆ ಪಡೆದು ಅವರ ರೆಜಿಮೆಂಟಿನ ರೆಕಾರ್ಡ್ ಆಫೀಸಿಗೇ ಬರೆಯಬೇಕು. ಸ್ಯಾಪರ್ಸ್‌ನವರದು ಖಡಕಿಗೆ, ಮರಾಠಾದವರದು ಬೆಳಗಾವಿಗೆ, ಮದ್ರಾಸ್ ಇಂಜಿನಿಯರ್ಸ್‌ನವರದು ಬೆಂಗಳೂರಿಗೆ. ಪೆನ್ಶನ್ ಇಲ್ಲದೆ ಬಂದವರ ಕಡತಗಳನ್ನು ಕಚೇರಿಗಳು 25 ವರ್ಷಗಳಷ್ಟೇ ಇಟ್ಟುಕೊಳ್ಳುತ್ತವೆ. ಆದ್ದರಿಂದ ಮೂಲ ಪುಸ್ತಕವನ್ನು ಕಂಪನಿಯ ಕಪಾಟಿನಲ್ಲಿ ಇರಿಸಿಕೊಳ್ಳದೆ, ನಕಲು ತೆಗೆದುಕೊಂಡು ಹಿಂದಿರುಗಿಸಿ.

ನಾಲ್ಕು ವರ್ಷಕ್ಕೆಂದು ಸೇರಿದ ಅಗ್ನಿವೀರರ ಮೊದಲ ತಂಡದ ಅವಧಿ 2026–27ರಲ್ಲಿ ಮುಗಿಯುತ್ತದೆ. ಹೊರಬರುವ ಇವರಿಗೆ ಪೆನ್ಶನ್ ಇಲ್ಲ. ಕಲಿತ ಕೌಶಲದ ಪ್ರಮಾಣಪತ್ರ ಹಿಡಿದು, ಇನ್ನೂ ಮೂವತ್ತು ದಾಟದ ಈ ಹುಡುಗರು ನಿಮ್ಮ ಮೇಜಿನ ಮುಂದೆ ಬಂದು ಕೂರುತ್ತಾರೆ. ದಯವಿಟ್ಟು ಟ್ರೇಡಿನ ಸಾಲನ್ನು ಮೊದಲು ಓದಿ.