ಕೋಶದೊಳಗಿನ ಪಾಠಪರಿಷ್ಕರಣೆ

ಓಲೆಗರಿಯ ಕಟ್ಟುಗಳೊಡನೆ ಬಹುಕಾಲ ಕಳೆದವನು ನಾನು. ಲಿಪಿಕಾರನ ಕೈತಪ್ಪು, ಎಲ್ಲಿಂದಲೋ ನುಸುಳಿದ ಪ್ರಕ್ಷಿಪ್ತ ಪದ್ಯ, ಹುಳು ತಿಂದ ಅಂಚು, ಇವುಗಳ ನಡುವೆ ಶುದ್ಧಪಾಠವನ್ನು ಅರಸುವುದು ಗ್ರಂಥಸಂಪಾದಕನ ಕೆಲಸ. ನಿವೃತ್ತಿಯ ಅನಂತರ ಜೀವವಿಜ್ಞಾನದ ಪುಸ್ತಕಗಳನ್ನು ಓದತೊಡಗಿದಾಗ, ಇದಕ್ಕೆ ತೀರ ಹತ್ತಿರವಾದ ಕೆಲಸವೊಂದು ನಮ್ಮ ದೇಹದ ಜೀವಕೋಶಗಳಲ್ಲಿ ಹಗಲಿರುಳೂ ನಡೆಯುತ್ತಿದೆಯೆಂದು ತಿಳಿದು ಬೆರಗಾಯಿತು.

ಜೀವಕೋಶದ ಮೂಲಗ್ರಂಥ ಡಿ.ಎನ್.ಎ. ಅದರ ಬಹುಪಾಲು ಕೋಶಕೇಂದ್ರವೆಂಬ ಭಂಡಾರದಲ್ಲಿ ಭದ್ರವಾಗಿರುತ್ತದೆ, ಹೊರಗೆ ಬರುವುದಿಲ್ಲ. ಪ್ರೋಟೀನುಗಳನ್ನು ಕಟ್ಟುವ ರೈಬೋಸೋಮುಗಳಾದರೋ ಕೆಲಸ ಮಾಡುವುದು ಹೊರಗಡೆ. ಆದ್ದರಿಂದ ಬೇಕಾದ ಭಾಗದ ನಕಲು ತಯಾರಾಗಿ ಹೊರಗೆ ಹೋಗಬೇಕು. ಆ ನಕಲೇ ದೂತ ಆರ್.ಎನ್.ಎ.

ಮೊದಲ ಕರಡು ಹಾಗೆಯೇ ಹೊರಡುವಂತಿಲ್ಲ. ಬರವಣಿಗೆ ಇನ್ನೂ ಇಪ್ಪತ್ತು ಮೂವತ್ತು ಅಕ್ಷರ ಸಾಗಿರುವಾಗಲೇ ಅದರ ತಲೆಗೆ ಒಂದು ಟೋಪಿ ಬೀಳುತ್ತದೆ. ಕೊನೆಯಲ್ಲಿ ಒಂದೇ ಅಕ್ಷರ ಸುಮಾರು ಇನ್ನೂರು ಸಲ ಪುನರುಕ್ತವಾದ ಬಾಲ ಬೆಳೆಯುತ್ತದೆ. ನಡುವೆ ಅರ್ಥಕ್ಕೆ ಸಲ್ಲದ ಭಾಗಗಳನ್ನು ಕತ್ತರಿಸಿ ತೆಗೆದು, ಉಳಿದವನ್ನು ಬೆಸೆಯಲಾಗುತ್ತದೆ. ಈ ಕಡಿತವನ್ನು 1977ರಲ್ಲಿ ಕಂಡುಕೊಂಡವರಲ್ಲಿ ರಿಚರ್ಡ್ ರಾಬರ್ಟ್ಸ್ ಮತ್ತು ಫಿಲಿಪ್ ಶಾರ್ಪ್ 1993ರಲ್ಲಿ ನೊಬೆಲ್ ಪಾರಿತೋಷಕ ಪಡೆದರು. ಕತ್ತರಿಸಿ ಹೋಗುವ ಭಾಗಕ್ಕೆ ಇಂಟ್ರಾನ್ ಎಂದು ಹೆಸರು. ರಕ್ತದ ಹಿಮೋಗ್ಲೋಬಿನ್ನಿನ ಅಂಗವಾದ ಬೀಟಾ ಗ್ಲೋಬಿನ್ನಿನ ಕರಡಿನಲ್ಲಿ ಸುಮಾರು 1,600 ಅಕ್ಷರಗಳಿದ್ದರೆ, ಎರಡು ಇಂಟ್ರಾನುಗಳು ಹೋದ ಮೇಲೆ ಉಳಿಯುವುದು 600ಕ್ಕಿಂತ ತುಸು ಹೆಚ್ಚು. ಇವನ್ನು ಪ್ರಕ್ಷಿಪ್ತಗಳೆನ್ನೋಣವೆಂದರೆ ಹೋಲಿಕೆ ಕುಂಟುತ್ತದೆ. ನಮ್ಮ ಪ್ರಕ್ಷೇಪಗಳು ಕವಿಯ ಕಾಲದ ಅನಂತರ ಸೇರಿದವು, ಇವು ಮೂಲಪ್ರತಿಯಲ್ಲಿಯೇ ಇರುವಂಥವು.

ಇಷ್ಟಾದ ಮೇಲೆ ಪರೀಕ್ಷೆ. ಸ್ವಾರಸ್ಯವೆಂದರೆ, ಕೋಶಕೇಂದ್ರದಲ್ಲಿ ಯಾರೂ ನಕಲಿನ ಅರ್ಥವನ್ನು ಓದುವುದಿಲ್ಲ. ಟೋಪಿ ಹಾಕಿದ್ದಕ್ಕೆ, ಬೆಸುಗೆ ಮುಗಿದದ್ದಕ್ಕೆ, ಬಾಲ ಮೂಡಿದ್ದಕ್ಕೆ ಒಂದೊಂದು ಪ್ರೋಟೀನು ಗುರುತಾಗಿ ಅಂಟಿಕೊಂಡಿರುತ್ತದೆ. ಕಚೇರಿಯ ಕಡತವನ್ನು ಓದದೆ ರುಜು, ಮೊಹರುಗಳನ್ನು ಮಾತ್ರ ನೋಡುವ ಗುಮಾಸ್ತನ ರೀತಿ ಇದು. ಗುರುತುಗಳು ಕೂಡಿಬಂದರೆ ಎನ್.ಎಕ್ಸ್.ಎಫ್.1 ಎಂಬ ಪ್ರೋಟೀನು ಬಂದು ನಕಲನ್ನು ಹಿಡಿದುಕೊಂಡು ಕೋಶಕೇಂದ್ರದ ರಂಧ್ರದತ್ತ ಒಯ್ಯುತ್ತದೆ. ಆ ರಂಧ್ರವೋ ಒಂದು ಮಹಾದ್ವಾರ: ಸುಮಾರು ಮೂವತ್ತು ಬಗೆಯ ಪ್ರೋಟೀನುಗಳ ನೂರಾರು ಪ್ರತಿಗಳಿಂದ ಕಟ್ಟಿದ್ದು. ಒಳಮುಖದಲ್ಲಿ ಬುಟ್ಟಿಯಂಥ ಜಾಲರಿಯುಂಟು. ಬೆಸುಗೆ ಮುಗಿಯದ ನಕಲುಗಳನ್ನು ತಡೆಯುವುದರಲ್ಲಿ ಅದರ ಪಾತ್ರ ಯೀಸ್ಟಿನ ಪ್ರಯೋಗಗಳಲ್ಲಿ ಕಂಡುಬಂದಿದೆ. ಕೆಟ್ಟ ನಕಲುಗಳನ್ನು ಎಕ್ಸೊಸೋಮ್ ಎಂಬ ಯಂತ್ರ ತುದಿಯಿಂದ ಒಂದೊಂದೇ ಅಕ್ಷರವಾಗಿ ಕಡಿದುಹಾಕುತ್ತದೆ.

2010ರಲ್ಲಿ ಗ್ರುನ್‌ವಾಲ್ಡ್ ಮತ್ತು ಸಿಂಗರ್ ಎಂಬ ವಿಜ್ಞಾನಿಗಳು ಒಂದೊಂದು ನಕಲನ್ನೇ ಸೂಕ್ಷ್ಮದರ್ಶಕದಲ್ಲಿ ಹಿಂಬಾಲಿಸಿ ಈ ಪ್ರಯಾಣದ ಹೊತ್ತನ್ನು ಅಳೆದರು. ಇಡೀ ನಿರ್ಗಮನಕ್ಕೆ ಹಿಡಿದದ್ದು ಸೆಕೆಂಡಿನ ಐದನೆಯ ಒಂದು ಭಾಗಕ್ಕೂ ಕಡಮೆ. ಅದರಲ್ಲಿ ರಂಧ್ರವನ್ನು ಹಾಯುವುದಕ್ಕೆ ಹೋದದ್ದು ಅತ್ಯಲ್ಪ, ಹೆಚ್ಚಿನ ಹೊತ್ತು ಕಳೆದದ್ದು ಹೊಸ್ತಿಲ ಈಚೆಗೂ ಆಚೆಗೂ! ಹೊರಗೆ ಕಾದಿರುವ ಇನ್ನೊಂದು ಪ್ರೋಟೀನು ಒಯ್ದುತಂದವನನ್ನು ನಕಲಿನಿಂದ ಬಿಡಿಸುತ್ತದೆ. ಹಾಗಾಗಿ ನಕಲು ಮರಳಿ ಒಳಗೆ ಜಾರುವಂತಿಲ್ಲ.

ಮೊಹರು ನೋಡುವ ಈ ಪದ್ಧತಿಯನ್ನು ಏಡ್ಸ್ ರೋಗದ ವೈರಾಣು ಚೆನ್ನಾಗಿ ಅರಿತಿದೆ. ತನ್ನ ಸಂತಾನಕ್ಕೆ ಅದಕ್ಕೆ ಕತ್ತರಿಸದ ಪೂರ್ಣಪಾಠವೇ ಬೇಕು. ಆದ್ದರಿಂದ ರೆವ್ ಎಂಬ ತನ್ನದೇ ಪ್ರೋಟೀನನ್ನು ಆ ಪಾಠಕ್ಕೆ ಅಂಟಿಸಿ, ಬೇರೆ ಸರಕುಗಳನ್ನು ಸಾಗಿಸುವ ಮತ್ತೊಬ್ಬ ವಾಹಕನ ಮೂಲಕ ಅದನ್ನು ಹೊರಗೆ ದಾಟಿಸುತ್ತದೆ.

ಇನ್ನು ಅರ್ಥದೋಷದ ಮಾತು. ಮೊಹರುಗಳೆಲ್ಲ ಸರಿಯಾಗಿದ್ದು, ನಡುವಿನ ಒಂದಕ್ಷರ ಕೆಟ್ಟು, ವಾಕ್ಯ ಅರ್ಧಕ್ಕೇ ಪೂರ್ಣವಿರಾಮ ಕಂಡರೆ? ಅದು ಸಿಕ್ಕಿಬೀಳುವುದು ಹೊರಗೆ, ಮೊದಲ ವಾಚನದಲ್ಲಿ. ಬೆಸುಗೆಯ ಗುರುತುಗಳನ್ನು ಸರಿಸುತ್ತ ರೈಬೋಸೋಮು ಓದುತ್ತದೆ. ಅದು ನಿಂತ ಸ್ಥಳದಿಂದ ಸಾಕಷ್ಟು ಮುಂದೆ ಇನ್ನೂ ಒಂದು ಗುರುತು ಉಳಿದಿದ್ದರೆ ವಿರಾಮ ಅಕಾಲದ್ದೆಂದು ತಿಳಿದು ನಕಲು ನಾಶವಾಗುತ್ತದೆ.

ಇದರ ಬೆಲೆ ತಿಳಿಯುವುದು ಥಲಸೀಮಿಯ ರೋಗದಲ್ಲಿ. ಬೀಟಾ ಗ್ಲೋಬಿನ್ನಿನ 39ನೆಯ ಪದದಲ್ಲಿ ಅಕಾಲ ವಿರಾಮ ಬರುವ ದೋಷ ಸಾರ್ಡಿನಿಯದಲ್ಲಿ ಹೆಚ್ಚು. ಆ ನಕಲು ನಾಶವಾಗುವುದರಿಂದ, ತಂದೆತಾಯಿಗಳಲ್ಲಿ ಒಬ್ಬರಿಂದ ಮಾತ್ರ ದೋಷ ಪಡೆದವರು ಬಹುಮಟ್ಟಿಗೆ ಆರೋಗ್ಯವಾಗಿಯೇ ಇರುತ್ತಾರೆ. ಅದೇ ವಿರಾಮ 121ನೆಯ ಪದದಲ್ಲಿ ಬಂದರೆ ಮುಂದೆ ಬೆಸುಗೆಯೇ ಇಲ್ಲ. ನಕಲು ಉಳಿಯುತ್ತದೆ, ಮೊಟಕಾದ ಪ್ರೋಟೀನು ತಯಾರಾಗಿ ಕೋಶವನ್ನು ಕೆಡಿಸುತ್ತದೆ. ಇನ್ನೊಂದು ಪ್ರತಿ ಶುದ್ಧವಾಗಿದ್ದರೂ ಮನುಷ್ಯ ರೋಗಿಯಾಗುತ್ತಾನೆ.

ಭಾರತದಲ್ಲಿ ಅತಿ ಸಾಮಾನ್ಯವಾದ ದೋಷ ಇರುವುದು ಮೊದಲ ಇಂಟ್ರಾನಿನ ಐದನೆಯ ಅಕ್ಷರದಲ್ಲಿ. ಪ್ರೋಟೀನಿನ ಪಾಠಕ್ಕೆ ಸೇರದ, ಕಸವಾಗಿ ಹೋಗಬೇಕಾದ ಒಂದಕ್ಷರ! ಆದರೆ ಅದು ಬದಲಾದರೆ ಕತ್ತರಿಯ ಗುರಿ ತಪ್ಪುತ್ತದೆ. ನನ್ನ ಹಳೆಯ ಶಿಷ್ಯರೊಬ್ಬರ ಮಗಳ ವೈದ್ಯಕೀಯ ವರದಿಯಲ್ಲಿ ಈ ಅಕ್ಷರದ ಹೆಸರನ್ನು ಕಂಡೇ ನಾನು ಇಷ್ಟೆಲ್ಲ ಓದಲು ಹೊರಟದ್ದು. ಆ ಮಗುವಿಗೆ ಮೂರು ವಾರಕ್ಕೊಮ್ಮೆ ಬೇರೆಯವರ ರಕ್ತ ಬೇಕು, ಆ ರಕ್ತದಿಂದ ಮೈಯಲ್ಲಿ ಸೇರುವ ಕಬ್ಬಿಣವನ್ನು ತೆಗೆಯಲು ನಿತ್ಯ ಔಷಧ ಬೇಕು. ತಂದೆತಾಯಿಗಳಿಬ್ಬರಿಗೂ ಯಾವ ಬೇನೆಯೂ ಇರಲಿಲ್ಲ, ಆದರೆ ಇಬ್ಬರೂ ಒಂದೊಂದು ದೋಷವನ್ನು ಹೊತ್ತವರು. ಅಂಥ ದಂಪತಿಗಳ ಪ್ರತಿಯೊಂದು ಮಗುವಿಗೂ ರೋಗ ಬರುವ ಸಂಭವ ನಾಲ್ಕರಲ್ಲಿ ಒಂದು. ಹೊತ್ತವರು ಯಾರೆಂದು ತಿಳಿಯಲು ಸಾಮಾನ್ಯವಾಗಿ ಒಂದು ರಕ್ತಪರೀಕ್ಷೆ ಸಾಕು. ಈಗ ಅವರ ತಂಗಿಯ ಮದುವೆಯ ಮಾತುಕತೆ ನಡೆದಿದೆ. ಜಾತಕದ ಜೊತೆಗೆ ಆ ಪರೀಕ್ಷೆಯ ವರದಿಯನ್ನೂ ಗಂಡಿನ ಮನೆಯವರಿಗೆ ಕೊಡುವುದಾಗಿ ಹುಡುಗಿಯೇ ಹೇಳಿದಳಂತೆ.