ಏರಿ ಇಳಿಯುವ ಹಾರ: 12345654321

ಒಂಬತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಜೈನ ಗಣಿತಜ್ಞ ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದನು. ಅದರಲ್ಲಿ ಒಂದು ಸಂಖ್ಯೆಯ ವರ್ಣನೆ ಹೀಗಿದೆ: ಒಂದರಿಂದ ಮೊದಲಾಗಿ ಆರರವರೆಗೆ ಏರಿ, ಬಳಿಕ ಕ್ರಮವಾಗಿ ಇಳಿಯುವುದು. ಅಂಕಿಗಳಲ್ಲಿ ಬರೆದರೆ 12345654321. ಎರಡು ತುದಿಗಳಿಂದ ಓದಿದರೂ ಒಂದೇ ಆಗಿರುವ ಇಂತಹ ಗುಣಲಬ್ಧಗಳನ್ನು ಅವನು ಕೊರಳ ಹಾರಕ್ಕೆ ಹೋಲಿಸಿದ್ದಾನೆ.

ದೊಡ್ಡ ಸಂಖ್ಯೆಗಳ ಪಾಠವು ಸಾಮಾನ್ಯವಾಗಿ ಅಲ್ಪವಿರಾಮ ಹಾಕಿ ಓದುವಲ್ಲಿಗೆ ಮುಗಿಯುತ್ತದೆ. ಸಾವಿರದ ಇನ್ನೂರ ಮೂವತ್ತನಾಲ್ಕು ಕೋಟಿ ಐವತ್ತಾರು ಲಕ್ಷ ಐವತ್ತನಾಲ್ಕು ಸಾವಿರದ ಮುನ್ನೂರ ಇಪ್ಪತ್ತೊಂದು ಎಂದು ತಪ್ಪಿಲ್ಲದೆ ಓದಿದ ಮಗುವಿಗೆ ಆ ಸಂಖ್ಯೆ ಗೊತ್ತಾಯಿತೆಂದು ಭಾವಿಸಲಾಗುತ್ತದೆ. ಹೆಸರು ಕೇಳಿದ ಮಾತ್ರಕ್ಕೆ ಮನುಷ್ಯನ ಪರಿಚಯವಾಗದು.

ಅಂಕಿಗಳ ಮೊತ್ತ 36. ಆದುದರಿಂದ ಸಂಖ್ಯೆಯು 9ರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ. ಒಂದು ಬಿಟ್ಟು ಒಂದರಂತೆ ಅಂಕಿಗಳನ್ನು ಕೂಡಿಸಿದರೆ ಎರಡೂ ಕಡೆ 18 ಬರುತ್ತದೆ, ವ್ಯತ್ಯಾಸ ಸೊನ್ನೆ; ಆದುದರಿಂದ 11ರಿಂದಲೂ ಭಾಗವಾಗುತ್ತದೆ. ಆದರೆ ಇದರ ನಿಜವಾದ ಗುಟ್ಟು ಬೇರೆಯೇ ಇದೆ. ಇದು 111111ರ ವರ್ಗ. ಕರಿಹಲಗೆಯ ಮೇಲೆ 111111ನ್ನು ಅದರಿಂದಲೇ ಗುಣಿಸಿ ತೋರಿಸಿದರೆ, ಒಂದೊಂದು ಸ್ಥಾನ ಎಡಕ್ಕೆ ಸರಿದ ಆರು ಸಾಲುಗಳು ಮೆಟ್ಟಿಲಿನಂತೆ ನಿಲ್ಲುತ್ತವೆ. ಬಲತುದಿಯ ಸ್ತಂಭದಲ್ಲಿ ಒಂದೇ ಒಂದು, ಮುಂದಿನದರಲ್ಲಿ ಎರಡು, ನಡುವಿನದರಲ್ಲಿ ಆರು, ಮತ್ತೆ ಇಳಿಕೆ. ಮಕ್ಕಳು ಒಂದುಗಳನ್ನು ಎಣಿಸಿದರೆ ಸಾಕು, ಹಾರವು ತಾನಾಗಿ ಕಾಣುತ್ತದೆ. ಒಂಬತ್ತು ಒಂದುಗಳವರೆಗೆ ಈ ಸೊಬಗು ಉಳಿಯುತ್ತದೆ. ಹತ್ತು ಒಂದುಗಳಾದಾಗ ನಡುವಿನ ಸ್ತಂಭದ ಮೊತ್ತ 10 ಆಗಿ, ದಶಕವನ್ನು ಎಡಕ್ಕೆ ಒಯ್ಯಬೇಕಾಗುತ್ತದೆ, ಹಾರ ಹರಿಯುತ್ತದೆ. ಎಲ್ಲಿ ಹರಿಯಿತೆಂಬುದನ್ನು ಮಕ್ಕಳೇ ಕಂಡುಕೊಳ್ಳುವಂತೆ ಬಿಡುವುದು ಲೇಸು.

111111 = 3 × 7 × 11 × 13 × 37. ಅದರ ವರ್ಗದಲ್ಲಿ ಈ ಐದು ಅವಿಭಾಜ್ಯಗಳಲ್ಲಿ ಪ್ರತಿಯೊಂದೂ ಎರಡೆರಡು ಬಾರಿ ಇರುತ್ತದೆ. ಒಂದು ಅಪವರ್ತನವನ್ನು ಕಟ್ಟುವಾಗ ಪ್ರತಿ ಅವಿಭಾಜ್ಯವನ್ನೂ ಬಿಡಬಹುದು, ಒಮ್ಮೆ ಅಥವಾ ಎರಡು ಬಾರಿ ತೆಗೆದುಕೊಳ್ಳಬಹುದು; ಹೀಗೆ ಒಟ್ಟು 3 × 3 × 3 × 3 × 3 = 243 ಅಪವರ್ತನಗಳು ದೊರೆಯುತ್ತವೆ.

ಕಾಸರಗೋಡಿನ ತರಗತಿಯಲ್ಲಿ ಇಲ್ಲಿಯೇ ಒಂದು ತೊಡಕು ಬರಬಹುದು. ಕನ್ನಡದ ‘ಅಪವರ್ತನ’ಕ್ಕೆ ಮಲಯಾಳದಲ್ಲಿ ‘ಘಟಕಂ’ ಎನ್ನುತ್ತಾರೆ. ಕನ್ನಡ ಪುಸ್ತಕದಲ್ಲಿ ‘ಘಟಕ’ವೆಂದರೆ ಪಾಠಗಳ ಒಂದು ಭಾಗ. ‘ಅವಿಭಾಜ್ಯ’ವು ಅಲ್ಲಿ ‘ಅಭಾಜ್ಯ’ವಾಗುತ್ತದೆ. ಎರಡು ಭಾಷೆಗಳ ನಡುವೆ ಬೆಳೆಯುವ ಮಗು ‘ಘಟಕ’ವೆಂದರೆ ಅದನ್ನು ಅಜ್ಞಾನವೆಂದು ತಿಳಿಯದೆ, ಎರಡೂ ಪದಗಳನ್ನು ಹಲಗೆಯ ಮೇಲೆ ಅಕ್ಕಪಕ್ಕದಲ್ಲಿ ಬರೆಯುವುದು ಉಚಿತ.

ಎಲ್ಲ ಸಂಖ್ಯೆಗಳೂ ಹಾರವಾಗಿ ಬರುವುದಿಲ್ಲ. 2011ರ ಜನಗಣತಿಯಂತೆ ಕಾಸರಗೋಡು ಜಿಲ್ಲೆಯ ಜನಸಂಖ್ಯೆ 13,07,375. ಇದನ್ನು 5ರಿಂದ ಮೂರು ಬಾರಿ ಭಾಗಿಸಿದರೆ 10,459 ಉಳಿಯುತ್ತದೆ. ಇದರ ವರ್ಗಮೂಲ 102ಕ್ಕಿಂತ ತುಸು ಹೆಚ್ಚು. ಆದುದರಿಂದ 101ರವರೆಗಿನ ಅವಿಭಾಜ್ಯಗಳಿಂದ ಪರೀಕ್ಷಿಸಿದರೆ ಸಾಕು. 2, 3, 5 ನೋಡಿದೊಡನೆ ಬಿದ್ದುಹೋಗುತ್ತವೆ. ಉಳಿದ 23 ಭಾಜಕಗಳನ್ನು ಮಕ್ಕಳಿಗೆ ಹಂಚಿದರೆ ಕೆಲಸ ಒಂದೇ ಅವಧಿಯಲ್ಲಿ ಮುಗಿಯುತ್ತದೆ. ಯಾರಿಗೂ ಶೇಷ ಸೊನ್ನೆ ಬಾರದು, ಏಕೆಂದರೆ 10,459 ಅವಿಭಾಜ್ಯ. 7 ಮತ್ತು 83 ಪಾಲಿಗೆ ಬಂದವರಿಗೆ ಮಾತ್ರ ಶೇಷ 1 ಉಳಿಯುತ್ತದೆ. ಅವರು ತಮ್ಮ ಲೆಕ್ಕವನ್ನು ಮತ್ತೊಮ್ಮೆ ಮಾಡಿ ನೋಡಲು ಬಯಸುವುದು ಸಹಜ.