ಪಿಟೀಲು ಕೊಂಡರೆ ಸಾಲದು, ಮಾಸ್ತರ ಬೇಕು

ಐರ್ಲೆಂಡಿನ ಸಾಂಪ್ರದಾಯಿಕ ಪಿಟೀಲು ಕಲಿಯಬೇಕು ಎನ್ನುವವರಿಗೆ ವಾದ್ಯ ಸಿಗುವುದು ಕಷ್ಟವಲ್ಲ, ಮಾಸ್ತರ ಸಿಗುವುದೇ ಕಷ್ಟ. ವಾದ್ಯ ಅದೇ ನಾಲ್ಕು ತಂತಿಯ ವಯೊಲಿನ್, ಅಲ್ಲಿನವರು ಫಿಡಲ್ ಎನ್ನುತ್ತಾರೆ. ಆದರೆ ಕಮಾನು ಎಳೆಯುವ ಪರಿ, ನಮ್ಮ ಮುರ್ಕಿಯಂತೆ ಸ್ವರಕ್ಕೆ ಬೆರಳಿನಿಂದ ಕೊಡುವ ತಿರುವು ಪುಸ್ತಕದಲ್ಲಿ ಪೂರ್ತಿ ಸಿಗುವುದಿಲ್ಲ. ಕಿವಿಯಿಂದಲೇ ಹಿಡಿಯಬೇಕು. ಪುಸ್ತಕ ಓದಿ ಈಜು ಕಲಿಯಾಕ ಆಗ್ತದೇನು?

ಸೀಮೆಗೊಂದು ಶೈಲಿ: ಡೊನೆಗಾಲ್ ಕಡೆಯವರದು ಬಿರುಸಿನ ಬಿಡಿಬಿಡಿ ಕಮಾನು. ಸ್ಲೈಗೊದವರದು ಅಲಂಕಾರ ಹೆಚ್ಚು. ಸ್ಲೈಗೊದಿಂದ ನ್ಯೂಯಾರ್ಕ್‌ಗೆ ವಲಸೆ ಹೋದ ಮೈಕೆಲ್ ಕೋಲ್ಮನ್ ಅವರ 1920ರ ದಶಕದ ರೆಕಾರ್ಡ್‌ಗಳು ತಾಯ್ನಾಡಿಗೆ ಬಂದಾಗ ಎಷ್ಟೋ ಮಂದಿ ಅವರಂತೆಯೇ ನುಡಿಸತೊಡಗಿದರು. ಊರೂರಿನ ಶೈಲಿಗಳಿಗೆ ಕುತ್ತು ಬಂತು.

ಗಡಿ ಸೀಮೆಯ ಮಾಸ್ತರ: ಕಾರ್ಕ್ ಮತ್ತು ಕೆರ್ರಿ ಜಿಲ್ಲೆಗಳ ಗಡಿಯಲ್ಲಿರುವ ಸ್ಲೀವ್ ಲೂಕ್ರಾ ಸೀಮೆಯನ್ನು ನಕಾಶೆಯಲ್ಲಿ ಗೆರೆ ಎಳೆದು ಇಷ್ಟೇ ಎಂದು ತೋರಿಸಲಾಗದು. ಗಡಿಭಾಗದ ನಮ್ಮ ಜನಕ್ಕೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಪೋಲ್ಕಾ, ಸ್ಲೈಡ್ ಎಂಬ ಕುಣಿತದ ನಡೆಗಳಿಗೆ ಹೆಸರಾದ ಈ ಸೀಮೆಯಲ್ಲಿ ಶೈಲಿ ಉಳಿಯಲು ಪಾಡ್ರಿಗ್ ಒಕೀಫ್ (1887-1963) ದೊಡ್ಡ ಕಾರಣ. ಶಾಲಾ ಮಾಸ್ತರರಾಗಿದ್ದ ಅವರು 1920ರಲ್ಲಿ ನೌಕರಿ ಕಳೆದುಕೊಂಡರು. ಆಮೇಲೆ ಹಳ್ಳಿಹಳ್ಳಿ ನಡೆದು, ಶಿಷ್ಯರ ಮನೆಗೇ ಹೋಗಿ ಪಿಟೀಲು ಕಲಿಸಿದರು.

ಸಂಗೀತ ಲಿಪಿ ಬಾರದವರಿಗಾಗಿ ತಮ್ಮದೇ ಬರಹ ಮಾಡಿಕೊಂಡಿದ್ದರು. ಐದು ಗೆರೆಗಳ ನಡುವಿನ ನಾಲ್ಕು ಸಂದು ಅಂದ್ರ ನಾಲ್ಕು ತಂತಿ, ಅದರೊಳಗಿನ ಅಂಕಿ ಅಂದ್ರ ಬೆರಳು, ಸೊನ್ನೆ ಇದ್ದರೆ ಬೆರಳಿಡದ ತಂತಿ. ಆದರೆ ಚೀಟಿ ನೆನಪಿಗಷ್ಟೇ, ಪಾಠವೆಲ್ಲ ಎದುರು ಕುಳಿತು ಕೇಳಿದ್ದು. ಅವರ ಶಿಷ್ಯರಾದ ಅಣ್ಣ-ತಂಗಿ ಡೆನಿಸ್ ಮರ್ಫಿ, ಜೂಲಿಯಾ ಕ್ಲಿಫರ್ಡ್ ನುಡಿಸಿದ ಧ್ವನಿಮುದ್ರಿಕೆ 1969ರಲ್ಲಿ ಹೊರಬಂತು. ಆ ಸೀಮೆಯ ನಡೆ ಕೇಳಬೇಕೆನ್ನುವವರಿಗೆ ಅದು ಇಂದಿಗೂ ಆಧಾರ.

ಈಗ ಎಲ್ಲಿ ಹುಡುಕಬೇಕು?: 1951ರಲ್ಲಿ ಶುರುವಾದ ಕೋಲ್ತಸ್ ಸಂಸ್ಥೆಯ ಶಾಖೆಗಳು ಐರ್ಲೆಂಡ್ ಅಷ್ಟೇ ಅಲ್ಲ, ಹೊರದೇಶಗಳಲ್ಲೂ ಇವೆ. ಕ್ಲೇರ್ ಜಿಲ್ಲೆಯ ಮಿಲ್ಟೌನ್ ಮಾಲ್ಬೆ ಊರಿನಲ್ಲಿ 1973ರಿಂದ ವಿಲ್ಲಿ ಕ್ಲಾನ್ಸಿ ಬೇಸಿಗೆ ಶಾಲೆ ಜುಲೈನಲ್ಲಿ ನಡೆಯುತ್ತ ಬಂದಿದೆ. ದೂರದವರಿಗೆ ಆನ್‌ಲೈನ್ ಪಾಠವೂ ಉಂಟು. ಆದರೆ ಮುದ್ರಿಸಿಟ್ಟ ವಿಡಿಯೊ ನಿಮ್ಮ ಕಮಾನು ನೋಡುವುದಿಲ್ಲ. ನೇರಪಾಠವೇ ವಾಸಿ.

ಏನು ಕೇಳಬೇಕು?: ಮಾಸ್ತರರು ಯಾವ ಸೀಮೆಯ ಶೈಲಿಯವರು? ಕಿವಿಯಿಂದ ಕಲಿಸುತ್ತಾರಾ? ಕಮಾನು ತಪ್ಪಿದರೆ ತಡೆದು ತಿದ್ದುತ್ತಾರಾ? ಈ ಮೂರಕ್ಕೆ ಉತ್ತರ ಸಿಕ್ಕರೆ ಸಾಕು. ಕರ್ನಾಟಕ ಸಂಗೀತದ ಪಿಟೀಲು ಕಲಿತವರು ಇನ್ನೊಂದು ಮಾತು ಗಮನಿಸಬೇಕು: ನಮ್ಮಲ್ಲಿ ತಂತಿ ಸ-ಪ-ಸ-ಪ ಎಂದು ಶ್ರುತಿ, ಅಲ್ಲಿ ಒಂದೊಂದು ತಂತಿಯೂ ಹಿಂದಿನದಕ್ಕೆ ಪಂಚಮ. ಬೆರಳಿನ ಹಳೆ ರೂಢಿ ಬಿಡಿಸುವುದಕ್ಕೂ ಎದುರಿಗೊಬ್ಬ ಮಾಸ್ತರ ಬೇಕೇ ಬೇಕು.